ಶಾಖಾ ಗ್ರಂಥಾಲಯದ ಕಾರ್ಡು, ಆರು ವರ್ಷ ಬಳಸಿದ ಮೇಲೆ

2019ರ ಜೂನ್‌ನಲ್ಲಿ ಮಾಡಿಸಿದ ಕಾರ್ಡು ಇದು. ಬನಶಂಕರಿ ಕಡೆ ನಮ್ಮನೆಯಿಂದ ನಡ್ಕೊಂಡು ಹೋದ್ರೆ ಹತ್ತು ನಿಮಿಷಕ್ಕೆ ಸಿಗೋ ಸರ್ಕಾರಿ ಶಾಖಾ ಗ್ರಂಥಾಲಯ, ತರಕಾರಿ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿ ಮೊದಲ್ನೇ ಮಹಡಿ. ಆಧಾರ್ ಝೆರಾಕ್ಸು, ಎರಡು ಫೋಟೋ, ವಾಪಸ್ ಸಿಗೋ ಸಣ್ಣ ಠೇವಣಿ, ಖರ್ಚು ಅಷ್ಟೇ, ನಾವು ಮೂರು ಜನ ಹೋಟ್ಲಲ್ಲಿ ಒಂದು ಹೊತ್ತು ಊಟ ಮಾಡಿದ್ರೆ ಆಗೋ ಬಿಲ್ಲಿಗಿಂತ ಕಮ್ಮಿ. ಒಂದು ಸಲಕ್ಕೆ ಎರಡು ಪುಸ್ತಕ, ಹದಿನೈದು ದಿನ. ಇದರಿಂದ ನನಗೆ ಏನಾಯ್ತು, ಏನಾಗ್ಲಿಲ್ಲ ಎರಡೂ ಬರೀತೀನಿ, ಓದೋ ಅಭ್ಯಾಸ ಮಾಡ್ಕೋಬೇಕು ಅಂತ ಪ್ರತಿ ವರ್ಷ ಶುರು ಮಾಡಿ ಬಿಡೋರಿಗೆ ಉಪಯೋಗಕ್ಕೆ ಬರ್ಬೋದು.

ಅದಕ್ಕೂ ಮುಂಚೆ ನನ್ನ ಹತ್ರ ಪುಸ್ತಕ ಇರ್ಲಿಲ್ಲ ಅಂತಲ್ಲ. ನವೆಂಬರ್ ಬಂದ್ರೆ ರಿಯಾಯ್ತಿ ಹಾಕ್ತಾರಲ್ಲ, ಆಗ ಚೀಲ ತುಂಬ ತರ್ತಿದ್ದೆ, ಬೀರು ಮೇಲೆ ಸಾಲು ಬೆಳೀತಾ ಹೋಯ್ತು. ಸೆಕೆಂಡ್ ಹ್ಯಾಂಡಲ್ಲಿ ಒಂದು ಇ-ರೀಡರ್ ಕೂಡ ತಗೊಂಡಿದ್ದೆ. ಇಂಗ್ಲಿಷ್ ಪುಸ್ತಕಕ್ಕೆ ಅದು ನಿಜವಾಗ್ಲೂ ಚೆನ್ನಾಗಿದೆ, ಇ-ಇಂಕ್ ಸ್ಕ್ರೀನು ಪುಟ ಬದಲಾದಾಗ ಮಾತ್ರ ಕರೆಂಟ್ ಎಳೆಯುತ್ತೆ ಹಾಗಾಗಿ ವಾರಗಟ್ಟಲೆ ಚಾರ್ಜ್ ಬೇಡ, ಕಣ್ಣಿಗೂ ಆರಾಮು. ಆದ್ರೆ ಸ್ಕ್ಯಾನ್ ಮಾಡಿದ ಕನ್ನಡ ಪಿಡಿಎಫ್ ಆ ಆರಿಂಚು ಪರದೆಯಲ್ಲಿ ತೆಗೆದ್ರೆ ಒತ್ತಕ್ಷರ ಎಲ್ಲಾ ಇರುವೆ ಸಾಲಿನ ಥರ ಕಾಣುತ್ತೆ, ದೊಡ್ಡದು ಮಾಡಿದ್ರೆ ಸಾಲು ಅರ್ಧಕ್ಕೆ ಕಟ್ಟಾಗುತ್ತೆ. ಬೀರುವಿಗೂ ಇ-ರೀಡರಿಗೂ ತೊಂದರೆ ಒಂದೇ ಇತ್ತು ಅಂತ ಈಗ ಅನ್ಸುತ್ತೆ: ಪುಸ್ತಕ ನಂದು, ಯಾವತ್ತು ಬೇಕಾದ್ರೂ ಓದ್ಬೋದು, ಹಾಗಾಗಿ ಇವತ್ತು ಓದ್ತಿರ್ಲಿಲ್ಲ.

ಲೈಬ್ರರಿ ಪುಸ್ತಕದ ಒಳಗೆ ಒಂದು ಚೀಟಿ ಅಂಟಿಸಿರ್ತಾರಲ್ಲ, ವಾಪಸ್ ಕೊಡೋ ತಾರೀಖಿನ ಸೀಲು ಒಂದರ ಕೆಳಗೊಂದು ಬಿದ್ದಿರುತ್ತೆ. ನನ್ನ ಪ್ರಕಾರ ಈ ಇಡೀ ಸೇವೆಯ ಬೆಲೆ ಇರೋದು ಆ ಚೀಟಿಯಲ್ಲಿ. ದಂಡ ಏನೂ ದೊಡ್ಡದಲ್ಲ, ದಂಡದ ಹೆದರಿಕೆಗೆ ಓದಿದ್ದಲ್ಲ. ತಾರೀಖು ಕಣ್ಣಿಗೆ ಬಿದ್ದ ತಕ್ಷಣ ಮನಸ್ಸು ಲೆಕ್ಕ ಹಾಕೋಕೆ ಶುರು ಮಾಡುತ್ತೆ, 260 ಪುಟ ಇದೆ, 13 ದಿನ ಇದೆ, ದಿನಕ್ಕೆ 20 ಪುಟ ಆದ್ರೆ ಸರಿಹೋಗುತ್ತೆ ಅಂತ. ಆ ಇಪ್ಪತ್ತು ಪುಟ ಅನ್ನೋದು ಅಲ್ಲಿಂದಾನೇ ಬಂದಿದ್ದು, ಯಾವ ಗುರಿ ಇಟ್ಕೊಂಡು ಬಂದಿದ್ದಲ್ಲ. ವರ್ಷದಲ್ಲಿ 300 ದಿನ ಹೀಗೆ ಓದಿದ್ರೆ 6,000 ಪುಟ, ಅಂದ್ರೆ 250 ಪುಟದ 24 ಪುಸ್ತಕ. ನನ್ನ ನೋಟ್‌ಬುಕ್ಕಲ್ಲಿ ವರ್ಷಕ್ಕೆ ಹೆಚ್ಚು ಕಮ್ಮಿ ಅಷ್ಟೇ ಇದೆ, ಒಂದು ವರ್ಷ 27, ಇನ್ನೊಂದು ವರ್ಷ 19.

ಮೊದಮೊದಲು ಇಪ್ಪತ್ತು ಪುಟ ಇರ್ಲಿ, ನಾಲ್ಕು ಪುಟಕ್ಕೇ ಕೈ ಫೋನಿಗೆ ಹೋಗ್ತಿತ್ತು. ಅದಕ್ಕೆ ಜೊತೆಗೆ ಇನ್ನೊಂದು ಮಾಡ್ಕೊಂಡೆ, ಬೆಳಗ್ಗೆ ಕಾಫಿ ಆರೋವರೆಗೂ ಮಂಕುತಿಮ್ಮನ ಕಗ್ಗದ ಒಂದು ಪದ್ಯ, ನಾಲ್ಕೇ ಸಾಲು. ಅದರಲ್ಲಿ 945 ಪದ್ಯ ಇದೆ, ದಿನಕ್ಕೊಂದು ಅಂದ್ರೆ ಎರಡೂವರೆ ವರ್ಷ ಮೀರುತ್ತೆ, ನಡುನಡುವೆ ತಪ್ಪಿದ್ದು ಸೇರಿ ನಂದು 2022ರ ಬೇಸಿಗೆಗೆ ಮುಗೀತು. 21 ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗೋಗುತ್ತೆ ಅಂತ ಎಲ್ಲಾ ಕಡೆ ಹೇಳ್ತಾರೆ, ನನಗೆ ಆಗ್ಲಿಲ್ಲ, ನನ್ನಲ್ಲೇ ಏನೋ ಕೊರತೆ ಇದೆ ಅಂತ ಬೇಜಾರಾಗಿತ್ತು. ಆಮೇಲೆ ಓದಿದೆ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನ ಇಟ್ಕೊಂಡು ಮಾಡಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಯೋಚನೆ ಇಲ್ಲದೆ ತಾನಾಗೇ ನಡೆಯೋಕೆ ಸುಮಾರು 66 ದಿನ ಅಂತ ಬಂದಿದೆ, ಅದೂ 18 ದಿನದಿಂದ 254 ದಿನದವರೆಗೆ ಒಬ್ಬೊಬ್ಬರಿಗೆ ಒಂದೊಂದು ಥರ, ನಡುವೆ ಒಂದು ದಿನ ತಪ್ಪಿದ್ರೆ ಏನೂ ಹಾಳಾಗಲ್ಲ ಅಂತಲೂ ಇದೆ. ಈ ಕೊನೇ ಮಾತು ನನಗೆ ಎಷ್ಟು ಸಮಾಧಾನ ಕೊಡ್ತು ಅಂದ್ರೆ, ಹಬ್ಬ, ಜ್ವರ, ಆಡಿಟ್ ಅಂತ ನಾಲ್ಕು ದಿನ ಬಿಟ್ಟರೂ ಐದನೇ ದಿನ ಸುಮ್ನೆ ತೆಗೆದು ಓದೋಕೆ ಶುರು ಮಾಡ್ತೀನಿ.

2020ರ ಮಾರ್ಚ್ ಬಗ್ಗೆ ಹೇಳ್ಲೇಬೇಕು. ಲಾಕ್‌ಡೌನ್ ಆದಾಗ ನನ್ನ ಹತ್ರ ಎರಡು ಪುಸ್ತಕ ಇತ್ತು, ಲೈಬ್ರರಿ ಬಾಗಿಲು ಹಾಕಿದ್ರು, ತಾರೀಖು ದಾಟ್ತು, ಕೇಳೋರಿಲ್ಲ. ಮನೇಲೇ ಇದ್ದೆ, ಟೈಮೋ ಟೈಮು, ಬೀರು ಮೇಲೆ ಬೇರೆ ಪುಸ್ತಕ, ಫೋನಲ್ಲಿ ಸರ್ಕಾರದ ಡಿಜಿಟಲ್ ಗ್ರಂಥಾಲಯ, ಅಷ್ಟೆಲ್ಲಾ ಇದ್ದೂ ಆ ಮೂರು ತಿಂಗಳಲ್ಲಿ ಮುಗಿಸಿದ್ದು ಒಂದೇ ಒಂದು ಪುಸ್ತಕ. ಟೈಮ್ ಇಲ್ಲ ಅಂತ ಹೇಳ್ತಿದ್ದೆನಲ್ಲ, ಅದು ಕಾರಣ ಅಲ್ಲ ಅಂತ ಆಗ ಗೊತ್ತಾಯ್ತು. ಬಾಗಿಲು ತೆಗೆದ ವಾರ ಎರಡೂ ಪುಸ್ತಕ ವಾಪಸ್ ಕೊಟ್ಟು, ಹೊಸ ಎರಡಕ್ಕೆ ಸೀಲ್ ಹೊಡೆಸ್ಕೊಂಡು ಬಂದೆ, ಹದಿನಾಲ್ಕನೇ ದಿನಕ್ಕೆ ಎರಡೂ ಮುಗಿದಿತ್ತು.

ಓದೋ ಜಾಗ ಮೆಟ್ರೋ. ಬನಶಂಕರಿಯಿಂದ ಪೀಣ್ಯ ಇಂಡಸ್ಟ್ರಿ ತನಕ ಹಸಿರು ಲೈನಲ್ಲೇ ಹೋಗ್ಬೋದು, ಬದಲಾಯಿಸೋ ರಗಳೆ ಇಲ್ಲ. ಮೆಜೆಸ್ಟಿಕ್ ತನಕ ನಿಂತ್ಕೊಂಡು, ಅಲ್ಲಿ ಜನ ಇಳಿದ ಮೇಲೆ ಕೂತ್ಕೊಂಡು. ದಪ್ಪ ಪುಸ್ತಕ ಒಂದೇ ಕೈಯಲ್ಲಿ ಹಿಡಿಯೋಕಾಗಲ್ಲ, ಅದಕ್ಕೆ ಎರಡರಲ್ಲಿ ಒಂದು ಯಾವಾಗ್ಲೂ ತೆಳ್ಳಗಿರೋದು ತಗೋತೀನಿ, ಇನ್ನೊಂದು ರಾತ್ರಿಗೆ.

ಅಲ್ಲಿನ ಗ್ರಂಥಪಾಲಕರು ನನಗೆ ಹೇಳಿದ ಒಂದು ಮಾತಿಗೆ ಋಣಿ. ಒಂದು ಪುಸ್ತಕ ಮೂರನೇ ಸಲ ರಿನ್ಯೂ ಮಾಡಿಸೋಕೆ ಹೋಗಿದ್ದೆ. "ಎಷ್ಟು ಪುಟ ಆಯ್ತು ಮೇಡಂ?" ಅಂದ್ರು. ಅರವತ್ತು ಸರ್ ಅಂದೆ. "ಒಂದೂವರೆ ತಿಂಗಳಿಗೆ ಅರವತ್ತು ಪುಟ ಅಂದ್ರೆ ನಿಮಗೆ ಅದು ಹಿಡಿಸಿಲ್ಲ, ಇಟ್ಬಿಡಿ, ಇನ್ನೊಬ್ರು ಕಾಯ್ತಿರ್ತಾರೆ, ನೀವು ಬೇರೆ ನೋಡಿ" ಅಂದ್ರು. ದುಡ್ಡು ಕೊಟ್ಟು ತಂದ ಪುಸ್ತಕ ಆಗಿದ್ರೆ ಬಿಡೋಕೆ ಮನಸ್ಸು ಬರ್ತಿರ್ಲಿಲ್ಲ, ಓದೋಕೂ ಆಗ್ತಿರ್ಲಿಲ್ಲ, ಅದೊಂದರ ಹಿಂದೆ ಎಲ್ಲಾ ನಿಲ್ತಿತ್ತು. ಆಮೇಲೆ ನೂರಾರು ಪುಸ್ತಕ ಅರ್ಧಕ್ಕೆ ಬಿಟ್ಟಿಲ್ಲ, ಆದ್ರೆ ಮೂವತ್ತಂತೂ ಬಿಟ್ಟಿದೀನಿ, ಬೇಜಾರಿಲ್ಲ.

ಇನ್ನು ಕೆಲಸದ ವಿಷಯ. ಪೀಣ್ಯದ ಒಂದು ಸಣ್ಣ ಮೆಷಿನಿಂಗ್ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಶುರುವಲ್ಲಿ ಸಕ್ಸಸ್ ಆಗೋದು ಹೇಗೆ ಅನ್ನೋ ಥರದ ಪುಸ್ತಕ ಹತ್ತು ಓದಿದೆ, ಆರನೇದರ ಹೊತ್ತಿಗೆ ಹೇಳಿದ್ದೇ ಹೇಳ್ತಿದಾರೆ ಅನ್ನಿಸ್ತು. ನನಗೆ ಆಫೀಸಲ್ಲಿ ಉಪಯೋಗಕ್ಕೆ ಬಂದಿದ್ದು ಕಾದಂಬರಿ, ಆತ್ಮಕಥೆ, ಇತಿಹಾಸ ಓದಿ ಬಂದ ತಾಳ್ಮೆ. ಮುಂಚೆ ಉದ್ದನೆ ಅಗ್ರಿಮೆಂಟ್ ಬಂದ್ರೆ ಮೊದಲ ಪುಟ, ಕೊನೇ ಪುಟ ನೋಡಿ ಆಡಿಟರ್‌ಗೆ ಕಳಿಸ್ತಿದ್ದೆ. 2022ರಲ್ಲಿ ಒಂದು ದೊಡ್ಡ ಕಂಪನಿಯಿಂದ 38 ಪುಟದ ಅಗ್ರಿಮೆಂಟ್ ಬಂತು, ಎರಡು ದಿನ ಮೆಟ್ರೋದಲ್ಲೇ ಕೂತು ಪೂರ್ತಿ ಓದಿದೆ, ಮಧ್ಯದಲ್ಲೆಲ್ಲೋ ಬಿಲ್ ಆದ 90 ದಿನಕ್ಕೆ ಪೇಮೆಂಟ್ ಅಂತ ಇತ್ತು. ಸಣ್ಣ ಕೈಗಾರಿಕೆ ಕಾನೂನಿನ ಬಗ್ಗೆ ಲೈಬ್ರರಿಯ ಒಂದು ಪುಸ್ತಕದಲ್ಲಿ ಬೇರೆ ಥರ ಓದಿದ ನೆನಪು, ಅದಕ್ಕೆ ಸಣ್ಣ, ಮಧ್ಯಮ ಉದ್ಯಮಗಳಿಗೆ ಅಂತಾನೇ ಇರೋ 2006ರ ಎಂಎಸ್‌ಎಂಇಡಿ ಕಾಯ್ದೆಯನ್ನೇ ತೆಗೆದು ನೋಡಿದೆ. 15ನೇ ಸೆಕ್ಷನ್ ಪ್ರಕಾರ ಬರೆದು ಒಪ್ಕೊಂಡಿದ್ರೂ ಅವಧಿ 45 ದಿನ ಮೀರೋ ಹಾಗಿಲ್ಲ, ಮೀರಿದ್ರೆ 16ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ನಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದ ಉದ್ಯಮ್ ಪೋರ್ಟಲ್ಲಲ್ಲಿ ನೋಂದಣಿ ಆಗಿತ್ತು, ಹಾಗಾಗಿ ಈ ಕಾನೂನು ನಮಗೂ ಅನ್ವಯಿಸ್ತಿತ್ತು. ಓನರ್ ಸರ್‌ಗೆ ತೋರಿಸ್ದೆ, ಆಡಿಟರ್ ಹೌದು ಅಂದ್ರು, ಪತ್ರ ಬರೆದ್ವಿ, ಅವರು 45ಕ್ಕೆ ಒಪ್ಕೊಂಡ್ರು. ಅವತ್ತಿಂದ ಫ್ಯಾಕ್ಟರಿಗೆ ಬರೋ ಎಲ್ಲಾ ಅಗ್ರಿಮೆಂಟ್ ಮೊದಲು ನನ್ನ ಟೇಬಲ್ಲಿಗೆ ಬರುತ್ತೆ, ಸಂಬಳವೂ ಏರ್ತು. ಕಾನೂನು ಓದಿದ್ದು ಹತ್ತು ನಿಮಿಷ, 38 ಪುಟ ಕಣ್ಣು ತಪ್ಪಿಸದೆ ಓದೋಕೆ ಮೂರು ವರ್ಷ ಬೇಕಾಯ್ತು.

ಕೊರತೆಗಳೂ ಇವೆ, ಬೇಜಾರಾಗೋ ಥರದ್ದು. ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಫೋಟೋಗೆ ಹೂ ಹಾಕಿ, ಪಕ್ಕದ ಬೋರ್ಡಲ್ಲಿ ಗ್ರಂಥಾಲಯ ಹೇಗಿರಬೇಕು ಅನ್ನೋ ಅವರ ಐದು ಸೂತ್ರ ಬರೀತಾರೆ. 1931ರಲ್ಲಿ ಬರೆದ ಸೂತ್ರ, ಕೊನೇ ದಿನಗಳಲ್ಲಿ ಅವರು ಇದ್ದಿದ್ದೂ ನಮ್ಮ ಬೆಂಗಳೂರಲ್ಲೇ. ಅದರಲ್ಲಿ ನಾಲ್ಕನೇದು ಓದುಗರ ಸಮಯ ಉಳಿಸಿ ಅಂತ, ನಮ್ಮ ಶಾಖೆ ಸೋಲೋದು ಅಲ್ಲೇ. ಯಾವ ಪುಸ್ತಕ ಇದೆ ಅಂತ ಹುಡುಕೋಕೆ ಕಂಪ್ಯೂಟರ್ ಇಲ್ಲ, ಕಪಾಟು ಕಪಾಟು ನೋಡ್ಬೇಕು, ಹೊಸ ಕನ್ನಡ ಪುಸ್ತಕ ಬರೋಕೆ ವರ್ಷ ಎರಡು ವರ್ಷ ಆಗುತ್ತೆ, ಮಧ್ಯಾಹ್ನ ಮುಚ್ಚಿರುತ್ತೆ, ಸೋಮವಾರ ರಜೆ. ನನಗೆ ಭಾನುವಾರ ಸಾಕು, ಅದು ನಡೆಯುತ್ತೆ. ನಡೆಯದೇ ಇರೋದು ಒಂದಿದೆ, ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದೋ ಹುಡುಗೀರು ಬಾಗಿಲು ತೆಗೆಯೋ ಮುಂಚೆನೇ ಡಬ್ಬಿ ಕಟ್ಕೊಂಡು ಬಂದು ಮೆಟ್ಟಿಲ ಮೇಲೆ ಕೂತಿರ್ತಾರೆ, ಅವರಿಗೆ ಅಲ್ಲಿ ಶೌಚಾಲಯ ಇಲ್ಲ. ಸಲಹಾ ಪುಸ್ತಕದಲ್ಲಿ ಮೂರು ಸಲ ಬರೆದಿದೀನಿ, ನಾಲ್ಕನೇ ಸಲವೂ ಬರೀತೀನಿ. ಆಸ್ತಿ ತೆರಿಗೆ ಕಟ್ಟುವಾಗ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ಸೇರಿಸಿ ಕಟ್ತೀವಿ, 1965ರ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು, ಹಾಗಾಗಿ ಇದು ಬಿಟ್ಟಿ ಸಿಗೋ ಸೇವೆ ಅಲ್ಲ, ಕೇಳೋ ಹಕ್ಕು ನಮಗಿದೆ. ಕಾರ್ಡು ಇಲ್ಲದೇ ಇರೋರೂ ಆ ದುಡ್ಡು ಕೊಡ್ತಾನೇ ಇದಾರೆ, ಒಂದು ಸಲ ರಸೀದಿ ತೆಗೆದು ನೋಡಿ.

ಕಾರ್ಡ್ ಮಾಡಿಸೋರಿಗೆ ಒಂದೇ ಮಾತು, ಮೊದಲ ಸಲ ಎರಡೂ ತೆಳ್ಳನೆ ಪುಸ್ತಕ ತಗೊಳ್ಳಿ, ತಾರೀಖಿಗೆ ಮುಂಚೆ ವಾಪಸ್ ಕೊಟ್ಟ ಖುಷಿ ಒಂದು ಸಲ ಸಿಗ್ಲಿ. ಮಗಳಿಗೂ ಈ ಬೇಸಿಗೆ ರಜೆಯಲ್ಲಿ ಕಾರ್ಡ್ ಮಾಡಿಸಿದೀನಿ, ಚೀಟಿ ಮೇಲಿನ ಹಳೇ ಸೀಲು ಓದಿ "ಅಮ್ಮಾ, ಇದನ್ನ ನಾನು ಹುಟ್ಟೋ ಮುಂಚೆ ಯಾರೋ ತಗೊಂಡೋಗಿದಾರೆ" ಅಂತಾಳೆ. ನನ್ನ ಬ್ಯಾಗಲ್ಲಿರೋ ಎರಡಕ್ಕೆ ಈ ಭಾನುವಾರ ತಾರೀಖು, ಒಂದು ಮುಗಿದಿದೆ, ಇನ್ನೊಂದರಲ್ಲಿ 70 ಪುಟ ಬಾಕಿ.