ಡಬ್ಬಿ ಎರಡು ಇಂಚು ಅಂದಿತು, ಟೇಪು ಒಂದೇ ಅಂದಿತು

ಮರಗೆಲಸ ನನ್ನ ಕಸುಬು. ಟೇಪು ಸದಾ ಸೊಂಟದಲ್ಲಿರುತ್ತದೆ. ಹಾಗಾಗಿ ನನ್ನ ಗಾಡಿಯನ್ನು ಎತ್ತರಿಸಲು ತಂದ ಈ ಶಾಕಲ್ ಕಿಟ್ ಬಗ್ಗೆ ಹೇಳುವುದನ್ನೂ ಅಳತೆಯಿಂದಲೇ ಶುರು ಮಾಡುತ್ತೇನೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ '2 ಇಂಚು ಲಿಫ್ಟ್' ಅಂತ ಇತ್ತು. ಹಾಕುವ ಮುಂಚೆ ಒಮ್ಮೆ, ಹಾಕಿ ನಾಲ್ಕು ದಿನ ಓಡಿಸಿದ ಮೇಲೆ ಇನ್ನೊಮ್ಮೆ, ಚಕ್ರದ ನಟ್ಟ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದೆ. ಮುಂದೆ 26 ಮಿಲಿಮೀಟರ್ ಏರಿತ್ತು, ಹಿಂದೆ 24. ಅಲ್ಲಿಗೆ ಒಂದೇ ಇಂಚು.

ಮಾರಿದವರಿಗೆ ಬರೆದು ಕೇಳಿದೆ. ಅವರ ಉತ್ತರ ಚೆನ್ನಾಗಿತ್ತು: 'ಶಾಕಲ್ 2 ಇಂಚು ಉದ್ದ ಇದೆಯಲ್ಲ ಸರ್, ಅಳೆದು ನೋಡಿ.' ಅಳೆದೆ. ಹಳೆಯದಕ್ಕಿಂತ ಸರಿಯಾಗಿ 2 ಇಂಚು ಉದ್ದ ಇತ್ತು. ಮಾತಿನಲ್ಲಿ ಸುಳ್ಳಿಲ್ಲ, ಡಬ್ಬಿಯಲ್ಲಿದೆ.

ಲೀಫ್ ಸ್ಪ್ರಿಂಗ್‌ನ ಒಂದು ತುದಿ ಚಾಸಿಗೆ ನೇರವಾಗಿ ಕೂತಿರುತ್ತದೆ. ಭಾರ ಬಿದ್ದಾಗ ಉಕ್ಕಿನ ಎಲೆಗಳ ಈ ಕಮಾನು ಚಪ್ಪಟೆಯಾಗಿ ಉದ್ದವಾಗುತ್ತದಲ್ಲ, ಅದಕ್ಕೆ ಇನ್ನೊಂದು ತುದಿಯನ್ನು ಜೋಕಾಲಿಯ ಹಾಗೆ ಎರಡು ಪಟ್ಟಿಯಲ್ಲಿ ನೇತುಹಾಕಿರುತ್ತಾರೆ. ಆ ಜೋಕಾಲಿಯೇ ಶಾಕಲ್. ಅದನ್ನು 2 ಇಂಚು ಉದ್ದ ಮಾಡಿದರೆ ಸ್ಪ್ರಿಂಗಿನ ಆ ತುದಿ ಮಾತ್ರ 2 ಇಂಚು ಕೆಳಗೆ ಬರುತ್ತದೆ. ಆಕ್ಸಲ್ ಇರುವುದು ನಡುವಲ್ಲಿ. ಹಲಗೆಯ ಒಂದು ತುದಿಯನ್ನು ಎರಡು ಇಂಚು ಎತ್ತಿದರೆ ನಡುಭಾಗ ಒಂದೇ ಇಂಚು ಏಳುತ್ತದೆ. ಇಪ್ಪತ್ತು ವರ್ಷದಿಂದ ಹಲಗೆ ಎತ್ತುತ್ತಿರುವ ನನಗೆ ಇದು ಕೊಳ್ಳುವ ಮುಂಚೆ ಹೊಳೆಯಬೇಕಿತ್ತು. ನಿಮಗೆ ನಿಜವಾಗಿ 2 ಇಂಚು ಬೇಕಾದರೆ ಶಾಕಲ್ 4 ಇಂಚು ಉದ್ದ ಆಗಬೇಕು. ಅದನ್ನು ಯಾಕೆ ಮಾಡಬಾರದು ಅಂತ ಮುಂದೆ ಹೇಳುತ್ತೇನೆ.

ಗಾಡಿ ಹಳೆಯ ಸುಜುಕಿ ಎಸ್‌ಜೆ. ಒಂದೊಂದು ಕಡೆ ಒಂದೊಂದು ಹೆಸರು ಅದಕ್ಕೆ: ಜಿಮ್ನಿ, ಸಮುರಾಯ್, ಸಿಯೆರಾ, ಜಿಪ್ಸಿ. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್. 1998ರಲ್ಲಿ ಬಂದ ಜಿಮ್ನಿಗೆ ಕಾಯಿಲ್ ಸ್ಪ್ರಿಂಗ್, ಅದನ್ನು ಇಟ್ಟುಕೊಂಡವರಿಗೆ ಈ ಕಿಟ್ ಕೆಲಸಕ್ಕೆ ಬರುವುದಿಲ್ಲ. ನನಗೆ ಎತ್ತರದ ಶೋಕಿ ಇರಲಿಲ್ಲ. 205/70 ಆರ್15 ಟೈರ್ ಸವೆದಿತ್ತು, ಅದರ ಬದಲು ಸ್ವಲ್ಪ ದೊಡ್ಡದಾದ 215/75 ಆರ್15 ಹಾಕಿದ್ದೆ. ಗುಂಡಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಚಕ್ರ ಮೇಲೇರಿದಾಗ ಫೆಂಡರ್ ಒಳಗೆ ಚರ್ ಅಂತ ಉಜ್ಜುತ್ತಿತ್ತು. ಅದು ನಿಲ್ಲಬೇಕಿತ್ತು, ಅಷ್ಟೇ. ಪೂರ್ತಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಬದಲಿಸುವ ಸೆಟ್ಟಿನ ಬೆಲೆಯಲ್ಲಿ ಇದು ಎಂಟರಲ್ಲಿ ಒಂದು ಪಾಲು. ಕೈ ಅದರ ಮೇಲೇ ಹೋಯಿತು.

ಡಬ್ಬಿಯಲ್ಲಿ ಏನೇನಿತ್ತು? ಎಂಟು ಕಬ್ಬಿಣದ ಪಟ್ಟಿ, ಬೋಲ್ಟು ನಟ್ಟಿನ ಒಂದು ಪೊಟ್ಟಣ, ಬೋಲ್ಟಿನ ಸುತ್ತ ಕೂರುವ ಕೆಂಪು ಪಾಲಿಯುರೆಥೇನ್ ಬುಷ್ಷುಗಳು. ಯಾವ ಪಟ್ಟಿ ಎಲ್ಲಿಗೆ ಅನ್ನುವ ಒಂದು ಚೀಟಿಯೂ ಇಲ್ಲ. ಪಟ್ಟಿಗಳು ಪರವಾಗಿಲ್ಲ, ದಪ್ಪ ಇವೆ, ಎಂಟನ್ನೂ ಒಂದರ ಮೇಲೊಂದು ಜೋಡಿಸಿದರೆ ತೂತುಗಳು ಒಂದಕ್ಕೊಂದು ಕೂಡುತ್ತವೆ. ಆದರೆ ಪೇಂಟನ್ನು ತೂತಿನ ಒಳಕ್ಕೂ ದಪ್ಪವಾಗಿ ಬಳಿದಿದ್ದರು. ಬೋಲ್ಟ್ ಹೋಗಲಿಲ್ಲ. ದುಂಡು ಅರದಲ್ಲಿ ಉಜ್ಜಿ ಉಜ್ಜಿ ಹದಿನಾರು ತೂತು ಬಿಡಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಬೋಲ್ಟ್ ವಿಷಯಕ್ಕೆ ಮಾತ್ರ ಸಿಟ್ಟು ಬಂತು. ತಲೆಯ ಮೇಲೆ ಒಂದು ಗುರುತೂ ಇಲ್ಲ. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಅಂತಲೋ 10.9 ಅಂತಲೋ ಕೆತ್ತಿರುತ್ತಾರೆ. 8.8ರಲ್ಲಿ ಮೊದಲ 8 ಅಂದರೆ ಸುಮಾರು 800 ಮೆಗಾಪಾಸ್ಕಲ್ ಎಳೆತಕ್ಕೆ ಅದು ತುಂಡಾಗುತ್ತದೆ. ಚುಕ್ಕಿಯ ನಂತರದ 8 ಅಂದರೆ ಅದರ ಶೇಕಡಾ 80ರವರೆಗೆ ಎಳೆದರೂ ಬಿಟ್ಟಾಗ ಮೊದಲಿನ ಅಳತೆಗೇ ವಾಪಸ್ ಬರುತ್ತದೆ. ಗುರುತಿಲ್ಲದ ಬೋಲ್ಟ್ ಎಷ್ಟು ತಡೆಯುತ್ತದೆ ಅನ್ನುವುದು ಅದನ್ನು ಮಾಡಿದವನಿಗೂ ಗೊತ್ತಿರಲಾರದು. ಗಾಡಿಯ ಭಾರದಲ್ಲಿ ಸುಮಾರು ಅರ್ಧ ಈ ಬೋಲ್ಟುಗಳ ಮೇಲೆ ನೇತಾಡುತ್ತದೆ. ಅದೇ ಅಳತೆಯ 8.8 ಬೋಲ್ಟನ್ನು ಬೇರೆ ತಂದೆ, ನೈಲಾನ್ ಇರುವ ಲಾಕ್ ನಟ್ಟಿನ ಜೊತೆ. ಕಿಟ್ಟಿನ ಬೋಲ್ಟುಗಳು ಈಗ ನನ್ನ ಕೆಲಸದ ಮೇಜಿನ ಡ್ರಾಯರ್ ಹಿಡಿಗಳಾಗಿವೆ. ಆ ಕೆಲಸಕ್ಕೆ ಚೆನ್ನಾಗಿವೆ.

ಹಳೆಯ ಶಾಕಲ್ ಬಿಚ್ಚುವುದೇ ದೊಡ್ಡ ಕೆಲಸ ಅಂತ ಯಾರೂ ಹೇಳಿರಲಿಲ್ಲ. ಎರಡು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟೆ. ನಟ್ಟು ಬಂತು. ಬೋಲ್ಟ್ ಮಾತ್ರ ಬರಲಿಲ್ಲ, ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿತ್ತು. ಸ್ಪ್ಯಾನರಿಗೆ ಮೂರಡಿ ಪೈಪು ಸಿಗಿಸಿ ನನ್ನ ತಮ್ಮ ನೇತಾಡಿದ. ಬೋಲ್ಟ್ ತಿರುಗಿತು. ಖುಷಿಯಾಯಿತು. ನೋಡಿದರೆ ಕೊಳವೆ, ರಬ್ಬರು ಎಲ್ಲ ಸೇರಿ ತಿರುಗುತ್ತಿತ್ತು, ಬೋಲ್ಟ್ ಹೊರಗೆ ಒಂದು ಕೂದಲೂ ಬಂದಿರಲಿಲ್ಲ.

'ಅಣ್ಣಾ, ಕೊಯ್ದು ಬಿಡೋಣ' ಅಂದ.

ಗ್ರೈಂಡರಿನ ತೆಳು ಡಿಸ್ಕನ್ನು ಪಟ್ಟಿಗೂ ಸ್ಪ್ರಿಂಗ್ ಕಣ್ಣಿಗೂ ನಡುವೆ ತೂರಿಸಿ ಎರಡೂ ಕಡೆ ಕೊಯ್ದೆವು. ರಬ್ಬರ್ ಸುಟ್ಟ ವಾಸನೆ ಎರಡು ದಿನ ಮೂಗಲ್ಲೇ ಇತ್ತು. ನಾಲ್ಕು ಮೂಲೆಯಲ್ಲಿ ಮೂರನ್ನು ಹೀಗೇ ಕೊಯ್ಯಬೇಕಾಯಿತು. ಹಳೆಯ ಗಾಡಿಗೆ ಈ ಕಿಟ್ ತರುವವರು ಒಂದು ಗ್ರೈಂಡರ್ ಪಕ್ಕದಲ್ಲಿ ಇಟ್ಟುಕೊಂಡೇ ಶುರು ಮಾಡಿ. ಸುಮ್ನೆ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ತೂರಬೇಡಿ. ಚಾಸಿಗೆ ಎರಡೂ ಕಡೆ ಸ್ಟ್ಯಾಂಡ್ ಕೊಡಿ, ಆಕ್ಸಲನ್ನು ಜಾಕಿಯಲ್ಲಿ ಏರಿಸಿ ಇಳಿಸಿ ತೂತು ಕೂಡಿಸಿ. ಹೊಸ ಬುಷ್ಷಿಗೆ ಗ್ರೀಸ್ ಧಾರಾಳವಾಗಿ ಹಚ್ಚಿ. ನಾನು ಎಡಮುಂದಿನದಕ್ಕೆ ಜಿಪುಣತನ ಮಾಡಿದೆ, ಅದು ಇವತ್ತಿಗೂ ಕಿರ್ ಅನ್ನುತ್ತಿದೆ. ಇನ್ನೊಂದು ತುದಿಯ ಹಳೆಯ ರಬ್ಬರ್ ಬುಷ್ಷಿನ ಬೋಲ್ಟನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೇ ಪೂರ್ತಿ ಬಿಗಿಯಬೇಕು. ಎತ್ತಿಟ್ಟಾಗಲೇ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಇಳಿಸಿದೆವು. ನೋಡೋಕೆ ಚೆನ್ನಾಗಿತ್ತು. ಓಡಿಸಿದಾಗ ಮುಖ ಸಪ್ಪಗಾಯಿತು.

ಸ್ಟೀರಿಂಗ್ ಚಕ್ರ ನೇರ ರಸ್ತೆಯಲ್ಲೂ ಒಂದು ಕಡೆ ವಾಲಿ ನಿಂತಿತ್ತು. ಅದು ಸಣ್ಣದು, ಗಾಡಿ ಏರಿದಾಗ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕ್ ಸರಳಿನ ಓರೆ ಬದಲಾಗುತ್ತದೆ, ಅದರ ಉದ್ದ ಹೊಂದಿಸಿದರೆ ಸರಿಹೋಗುತ್ತದೆ. ದೊಡ್ಡದು ಬೇರೆ ಇತ್ತು. ತಿರುವು ಮುಗಿಸಿ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿ ವಾಪಸ್ ಬರುತ್ತದಲ್ಲ, ಅದು ಬರುವುದನ್ನೇ ಬಿಟ್ಟಿತ್ತು. ಕಾರಣ ಕ್ಯಾಸ್ಟರ್. ಈ ಗಾಡಿಯ ಮುಂದಿನ ಶಾಕಲ್ ಇರುವುದು ಸ್ಪ್ರಿಂಗಿನ ಮುಂದಿನ ತುದಿಯಲ್ಲಿ. ಅದು ಉದ್ದವಾದಾಗ ಸ್ಪ್ರಿಂಗಿನ ಮೂತಿ ಕೆಳಗಾಗಿ ಆಕ್ಸಲ್ ಪೂರ್ತಿ ಮುಂದಕ್ಕೆ ಬಗ್ಗುತ್ತದೆ. ಚಕ್ರ ತಿರುಗುವ ಕೀಲಿನ ತಲೆ ಹಿಂದಕ್ಕೆ ವಾಲಿರಬೇಕು, ಸೈಕಲ್ಲಿನ ಮುಂದಿನ ಫೋರ್ಕ್ ಹಾಗೆ. ಆ ವಾಲೇ ಕ್ಯಾಸ್ಟರ್, ಅದು ಕಡಿಮೆಯಾದರೆ ಸ್ಟೀರಿಂಗಿಗೆ ಮನೆ ದಾರಿ ಮರೆತುಹೋಗುತ್ತದೆ. ಗರಗಸದ ಬ್ಲೇಡ್ ಕೂರಿಸಲು ಬಳಸುವ, ಅಯಸ್ಕಾಂತದಲ್ಲಿ ಅಂಟುವ ಡಿಜಿಟಲ್ ಕೋನಮಾಪಕ ನನ್ನ ಹತ್ತಿರ ಇದೆ. ಬಿಚ್ಚುವ ಮುಂಚೆಯೇ ಆಕ್ಸಲಿನ ಒಂದು ಸಪಾಟು ಜಾಗಕ್ಕೆ ಅಂಟಿಸಿ ಬರೆದಿಟ್ಟುಕೊಂಡಿದ್ದೆ. ಈಗ ನೋಡಿದರೆ 2.8 ಡಿಗ್ರಿ ವ್ಯತ್ಯಾಸ. ಒಂದಿಂಚು ಎತ್ತರಕ್ಕೇ ಇಷ್ಟು. 4 ಇಂಚು ಉದ್ದದ ಶಾಕಲ್ ಹಾಕಿದ್ದರೆ ಇದರ ಹತ್ತಿರ ಹತ್ತಿರ ಎರಡರಷ್ಟು ಹೋಗುತ್ತಿತ್ತು. ಡಬ್ಬಿಯವರ ಸುಳ್ಳು ನನ್ನನ್ನು ಉಳಿಸಿತು ಅಂತ ಆಗ ಅನ್ನಿಸಿತು.

ಇದಕ್ಕೆ ಮದ್ದು ಬೆಣೆ. ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಕೂರಿಸುವ ಓರೆ ತುಂಡು, ಡಿಗ್ರಿ ಶಿಮ್ ಅಂತಾರೆ. ಅಲ್ಯೂಮಿನಿಯಂನದು ಅಗ್ಗ, ಆದರೆ ಏಟು ತಿಂದು ತಿಂದು ಬಿರಿದು ಉದುರುತ್ತದೆ. ಉಕ್ಕಿನದೇ ತನ್ನಿ. ನಾನು 3 ಡಿಗ್ರಿಯ ಒಂದು ಜೊತೆ ತಂದೆ. ಇದನ್ನು ಹಾಕಲು ಸ್ಪ್ರಿಂಗಿನ ಎಲೆಗಳನ್ನು ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚಬೇಕು, ಯಾಕೆಂದರೆ ಆ ಬೋಲ್ಟಿನ ತಲೆಯೇ ಆಕ್ಸಲಿನ ತೂತಿನಲ್ಲಿ ಕೂತು ಅದನ್ನು ಜಾಗದಲ್ಲಿ ಹಿಡಿದಿಡುವುದು. ಬೆಣೆ ಬಂದ ಮೇಲೆ ಹಳೆಯ ತಲೆ ತೂತಿಗೆ ಎಟುಕುವುದಿಲ್ಲ, ಎತ್ತರದ ತಲೆಯದು ಬೇಕು. ಬಿಚ್ಚುವ ಮುಂಚೆ ಎಲೆಗಳಿಗೆ ಎರಡೂ ಕಡೆ ಸಿ-ಕ್ಲಾಂಪ್ ಹಾಕಿ, ಇಲ್ಲದಿದ್ದರೆ ಬಿಲ್ಲಿನ ಹಾಗೆ ಚಿಮ್ಮುತ್ತವೆ. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಹಳೆಯದನ್ನೇ ತಿರುಗಿ ಹಾಕಬೇಡಿ. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟ್ ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಹೊಸದನ್ನೂ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಬೇಕು.

ಇಷ್ಟೆಲ್ಲ ತಿಳಿದವನು, ಹುಟ್ಟಿದಾಗಿನಿಂದ ಬೆಣೆ ಹೊಡೆದವನು, ಬೆಣೆಯನ್ನು ತಿರುಗಾಮುರುಗಾ ಹಾಕಿದೆ. ವಿಡಿಯೋದಲ್ಲಿ ದಪ್ಪ ತುದಿ ಹಿಂದಕ್ಕೆ ಇತ್ತು, ನಾನೂ ಹಾಗೇ ಇಟ್ಟೆ. ಮೊದಲು 2.8 ಡಿಗ್ರಿ ಹೋಗಿತ್ತು, ಈಗ ಸುಮಾರು 6. ಐವತ್ತರ ವೇಗಕ್ಕೆ ಗಾಡಿ ಹಗ್ಗ ಬಿಚ್ಚಿದ ಹೋರಿಯ ಹಾಗೆ ಎಡಕ್ಕೂ ಬಲಕ್ಕೂ ಎಳೆಯಿತು. ಇಪ್ಪತ್ತರಲ್ಲಿ ಮನೆಗೆ ತಂದೆ. ಆ ವಿಡಿಯೋದ ಗಾಡಿಯಲ್ಲಿ ಸ್ಪ್ರಿಂಗ್ ಆಕ್ಸಲಿನ ಮೇಲೆ ಕೂತಿತ್ತು. ನನ್ನದರಲ್ಲಿ ಸ್ಪ್ರಿಂಗ್ ಕೆಳಗೆ, ಆಕ್ಸಲ್ ಅದರ ಮೇಲೆ. ಹಾಗಾಗಿ ಎಲ್ಲ ಉಲ್ಟಾ. ಸುಜುಕಿಯ ಮೂಲ ಜೋಡಣೆಯಲ್ಲಿ ಮುಂದಿನ ಬೆಣೆಯ ದಪ್ಪ ತುದಿ ಮುಂದಕ್ಕೇ ಇರಬೇಕು. ಮತ್ತೆ ಬಿಚ್ಚಿ ತಿರುಗಿಸಿ ಹಾಕಿದೆ. ಸ್ಟೀರಿಂಗಿಗೆ ಮನೆ ದಾರಿ ನೆನಪಾಯಿತು.

ಹಿಂದೆಯೂ ಇದೇ ಕಥೆಯ ಇನ್ನೊಂದು ರೂಪ. ಅಲ್ಲಿ ಶಾಕಲ್ ಹಿಂದಿನ ತುದಿಯಲ್ಲಿ, ಆಕ್ಸಲ್ ಹಿಂದಕ್ಕೆ ಬಗ್ಗಿ ಅದರ ಮೂತಿ ಮೇಲೇಳುತ್ತದೆ. ಎಂಜಿನ್ನಿನ ಶಕ್ತಿಯನ್ನು ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕೋನ ಒಂದಕ್ಕೊಂದು ಸರಿಹೊಂದದೆ ಎಪ್ಪತ್ತರ ಆಸುಪಾಸಿನಲ್ಲಿ ಸೀಟಿನಡಿ ಗುಂಯ್ ಅಂತ ನಡುಕ ಬರುತ್ತಿತ್ತು. ಒಂದು ತಿಂಗಳು ಸಹಿಸಿಕೊಂಡೆ. ಆಮೇಲೆ ಅಲ್ಲಿಗೂ ಒಂದು ಜೊತೆ ಬೆಣೆ, ಈ ಸಲ ದಪ್ಪ ತುದಿ ಹಿಂದಕ್ಕೆ. ನಡುಕ ನಿಂತಿತು.

ಲೆಕ್ಕ ಹಾಕಿ. ಬೋಲ್ಟು, ಎರಡು ಜೊತೆ ಬೆಣೆ, ಸೆಂಟರ್ ಬೋಲ್ಟು, ಎಂಟು ಯು-ಬೋಲ್ಟು, ಡಿಸ್ಕು, ಎಣ್ಣೆ. ಕಿಟ್ಟಿಗೆ ಕೊಟ್ಟ ದುಡ್ಡಿಗಿಂತ ಸ್ವಲ್ಪ ಜಾಸ್ತಿಯೇ ಹೊರಗೆ ಹೋಯಿತು. ಎಂಟರಲ್ಲಿ ಒಂದು ಪಾಲು ಅಂದಿದ್ದೆನಲ್ಲ, ಅದು ನಾಲ್ಕರಲ್ಲಿ ಒಂದಾಯಿತು. ಆದರೂ ಅಗ್ಗವೇ, ಅಲ್ವಾ?

ಕಾಡುದಾರಿಯಲ್ಲಿ ಹೇಗಿದೆ ಅಂದರೆ, ಟೈರ್ ಉಜ್ಜುವುದು ನಿಂತಿತು. ಬಂದ ಕೆಲಸ ಆಯಿತು. ಮೊದಲು ಹೊಟ್ಟೆ ತಾಗುತ್ತಿದ್ದ ಒಂದು ಮಣ್ಣಿನ ದಿಣ್ಣೆ ಈಗ ತಾಗದೆ ದಾಟುತ್ತದೆ. ಆದರೆ ಆಕ್ಸಲಿನ ಗುಂಡು ಹೊಟ್ಟೆಯ ಕೆಳಗಿನ ಜಾಗ ಈ ಕಿಟ್ಟಿನಿಂದ ಕೂದಲಷ್ಟೂ ಹೆಚ್ಚಿಲ್ಲ, ಅದನ್ನು ಟೈರ್ ಮಾತ್ರ ಎತ್ತಬಲ್ಲದು. ನನ್ನ ಟೈರಿನ ಅಡ್ಡಳತೆ 668 ಮಿಲಿಮೀಟರಿನಿಂದ 703ಕ್ಕೆ ಏರಿದ್ದರಿಂದ ಸಿಕ್ಕಿದ್ದು 18 ಮಿಲಿಮೀಟರ್. ಅದರ ಬಾಡಿಗೆಯಾಗಿ ಸ್ಪೀಡೋಮೀಟರ್ ಈಗ 60 ಅಂದಾಗ ಗಾಡಿ 63ರಲ್ಲಿರುತ್ತದೆ. ಇನ್ನು ಸಡಿಲ ಮರಳಿನ ಏರಿನಲ್ಲಿ ಕಿಟ್ಟಿನಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಗಾಳಿಯನ್ನು 28ರಿಂದ 18 ಪಿಎಸ್‌ಐಗೆ ಇಳಿಸಿದಾಗ ಹತ್ತಿತು. ಕಿಟ್ ಹಾಕುವ ಮುಂಚೆಯೂ ಹಾಗೇ ಹತ್ತುತ್ತಿತ್ತು.

ಒಂದು ಕೊರತೆ ಮಾತ್ರ ಬೆಣೆಯಿಂದ ಸರಿಹೋಗುವುದಲ್ಲ. ಪಟ್ಟಿಗಳ ನಡುವೆ ಅಡ್ಡಪಟ್ಟಿ ಕೊಟ್ಟಿಲ್ಲ. ಉದ್ದ ಕಾಲಿನ ಬೆಂಚಿಗೆ ಕೆಳಗೆ ಅಡ್ಡಮರ ಹೊಡೆಯದಿದ್ದರೆ ಪಕ್ಕಕ್ಕೆ ತೂಗುತ್ತದಲ್ಲ, ಅದೇ ಇಲ್ಲೂ. ಓರೆ ಇಳಿಜಾರಿನಲ್ಲಿ ಅಡ್ಡಡ್ಡ ಹೋಗುವಾಗ ಬಾಡಿ ಮೊದಲಿಗಿಂತ ಅರೆಗಳಿಗೆ ತಡವಾಗಿ ವಾಲುತ್ತದೆ, ವಾಲಿದ ಮೇಲೆ ಇನ್ನೊಂಚೂರು ವಾಲುತ್ತದೆ. ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಕೊಳ್ಳುವವರು ಎಚ್ ಆಕಾರದಲ್ಲಿ ಅಡ್ಡಪಟ್ಟಿ ಬೆಸುಗೆ ಹಾಕಿದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬ್ರೇಕ್ ಹೋಸನ್ನೂ ನೋಡಿ: ಚಕ್ರ ಪೂರ್ತಿ ಕೆಳಗೆ ಜೋತಾಗ ಅದು ಬಿಗಿಯಾಗಬಾರದು. ಒಂದಿಂಚಿಗೆ ನನ್ನದು ಸಾಕಾಯಿತು.

ಐದಕ್ಕೆ ಮೂರು ಕೊಡುತ್ತೇನೆ. ಪಟ್ಟಿಗೆ ನಾಲ್ಕು, ಬೋಲ್ಟಿಗೆ ಸೊನ್ನೆ, ಡಬ್ಬಿ ಬರೆದವರಿಗೆ ಒಂದು ಟೇಪು. ತಮ್ಮನೂ ತನ್ನ ಗಾಡಿಗೆ ಇದೇ ಕಿಟ್ ತರಿಸಿದ್ದಾನೆ. ಬರುವ ಭಾನುವಾರ ಬಿಚ್ಚಬೇಕು. ಈ ಸಲ ಗ್ರೈಂಡರ್ ಮೊದಲೇ ಹೊರಗಿಟ್ಟಿದ್ದೇನೆ, ಮುಂದಿನ ಬೆಣೆಯ ದಪ್ಪ ತುದಿಗೆ ಸೀಮೆಸುಣ್ಣದಲ್ಲಿ 'ಮುಂದೆ' ಅಂತ ಬರೆದಾಗಿದೆ.