ಡೆಮೊ ಕ್ಲಾಸಿಗೆ ಮಗುವನ್ನು ಬಿಡುವ ಮೊದಲು ಮ್ಯಾಟ್ ಎತ್ತಿ ನೋಡಿ

ಹಾಸನದಲ್ಲಿ ಬೇಸಿಗೆ ರಜೆಗೆಂದು ಶುರುವಾದ ಒಂದು ಕರಾಟೆ ತರಗತಿಯ ಉಚಿತ ಡೆಮೊ ಕ್ಲಾಸಿನಲ್ಲಿ ಒಂಬತ್ತು ವರ್ಷದ ಹುಡುಗನ ಮಣಿಕಟ್ಟು ಮುರಿದಿದೆ. ಯಾವ ತರಗತಿ ಎಂದು ಬರೆಯುತ್ತಿಲ್ಲ. ಆದರೆ ಅಲ್ಲಿ ಆದ ಒಂದೊಂದು ತಪ್ಪೂ ತಂದೆ-ತಾಯಿ ಬಾಗಿಲಲ್ಲೇ ನಿಂತು ಗುರುತಿಸಬಹುದಾದದ್ದು, ಅದಕ್ಕೇ ಈ ಬರಹ.

ತರಗತಿ ನಡೆಯುವ ಹಾಲ್‌ನದು ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಚಿಕ್ಕ ಮಕ್ಕಳ ಆಟಕ್ಕೆ ಹಾಸುವ, ಒಂದಕ್ಕೊಂದು ಹಲ್ಲು ಕಚ್ಚಿಸುವ ಫೋಮ್ ತುಂಡುಗಳು. ದಪ್ಪ 1 ಸೆಂಟಿಮೀಟರ್ ಇದ್ದರೆ ಹೆಚ್ಚು. ಇಪ್ಪತ್ತು ನಿಮಿಷ ಓಟ, ಪಂಚ್, ಕಿಕ್ ಆದಮೇಲೆ ‘ಸೆಲ್ಫ್ ಡಿಫೆನ್ಸ್ ತೋರಿಸ್ತೀವಿ’ ಎಂದು ಬ್ರೌನ್ ಬೆಲ್ಟಿನ (ಬ್ಲ್ಯಾಕ್ ಬೆಲ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ) ಹುಡುಗನೊಬ್ಬ ಈ ಹೊಸ ಹುಡುಗನನ್ನು ಸೊಂಟದ ಮೇಲೆ ಹೊತ್ತು ಎಸೆದ. ಜೂಡೋದಲ್ಲಿ ಇದಕ್ಕೆ ಓ ಗೋಶಿ ಎನ್ನುತ್ತಾರೆ. ಎಸೆಯುವವನ ಪಾದದಡಿ ಮ್ಯಾಟ್ ಜಾರಿ ಹಲ್ಲು ಬಿಟ್ಟುಕೊಂಡಿತು. ಬೀಳುವವನು ಗಾಬರಿಯಲ್ಲಿ ಅಂಗೈ ಊರಿದ. ಎಸೆತದ ಬಿರುಸು, ಮೈಭಾರ ಎರಡೂ ಮಣಿಕಟ್ಟಿನ ಮೇಲೆ ಬಿತ್ತು.

ಬೀಳುವಾಗ ಕೈ ಊರುವುದು ಹುಟ್ಟುಗುಣ. ಅದನ್ನು ಬಿಡಿಸಲೆಂದೇ ಉಕೆಮಿ, ಅಂದರೆ ಬೀಳುವ ಅಭ್ಯಾಸ ಇರುವುದು. ಮೊದಲು ಅಂಗಾತ ಮಲಗಿ, ಗದ್ದವನ್ನು ಎದೆಗೆ ಒತ್ತಿ, ತೋಳುಗಳನ್ನು ಪಕ್ಕೆಯಿಂದ ಸುಮಾರು 45 ಡಿಗ್ರಿ ಅಗಲಿಸಿ ಮ್ಯಾಟ್ ಬಡಿಯುವುದು. ಆಮೇಲೆ ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಉರುಳುವುದು. ನಿಂತು ಬೀಳುವುದು ಕೊನೆಗೆ. ಅಂಗೈಯಿಂದ ಮೊಣಕೈವರೆಗಿನ ಇಡೀ ಕೈ ಒಟ್ಟಿಗೆ ಬಡಿಯಬೇಕು, ಆಗ ಪೆಟ್ಟು ಹಂಚಿಹೋಗುತ್ತದೆ. ಗದ್ದ ಎತ್ತಿದರೆ ಹಿಂದಲೆ ನೆಲಕ್ಕೆ ಬಡಿಯುತ್ತದೆ. ಇದು ಮೈಗೂಡಲು ವಾರಗಟ್ಟಲೆ ಬೇಕು. ಮೊದಲ ದಿನವೇ ಹೊಸ ಮಗುವನ್ನು ಎಸೆಯುವ ಕಡೆ ಮಾಸ್ಟರ್ ಎಷ್ಟೇ ದೊಡ್ಡವರಾಗಿರಲಿ, ಮಗುವನ್ನು ಕರೆದುಕೊಂಡು ಬಂದುಬಿಡಿ.

ಬರೀ ಪಂಚ್, ಕಿಕ್ ಕಲಿಸುವಲ್ಲಿ 2ರಿಂದ 2.5 ಸೆಂ.ಮೀ. ಮ್ಯಾಟ್ ನಡೆಯುತ್ತದೆ. ಎಸೆತ ಇದ್ದರೆ ಸುಮಾರು 4 ಸೆಂ.ಮೀ. ದಪ್ಪದ ಗಟ್ಟಿ ಜೂಡೋ ಮ್ಯಾಟ್ ಬೇಕು. ಹೆಬ್ಬೆರಳಿನಿಂದ ಜೋರಾಗಿ ಒತ್ತಿ ನೋಡಿ, ನೆಲ ಕೈಗೆ ಸಿಕ್ಕಿದರೆ ತೆಳುವೆಂದೇ ಲೆಕ್ಕ. ಚಪ್ಪಲಿ ಬಿಟ್ಟು ಪಾದ ಊರಿ ತಿರುಗಿಸಿದಾಗ ಸಂದು ಬಿಟ್ಟರೆ, ಮಕ್ಕಳ ಕಾಲ್ಬೆರಳು ಸಿಕ್ಕಿ ಹೊರಳುವುದು ಅಲ್ಲೇ. ನಮ್ಮ ಕಡೆ ಮಳೆಗಾಲದಲ್ಲಿ ಮ್ಯಾಟಿನ ಅಡಿಗೆ ತೇವ ಕೂತು ಜಾರುತ್ತದೆ, ಮೂಲೆಯ ಒಂದು ತುಂಡನ್ನು ಎತ್ತಿ ನೋಡಲು ಸಂಕೋಚ ಬೇಡ.

ಅದೇ ತರಗತಿಯಲ್ಲಿ ಮಕ್ಕಳನ್ನು ಗೋಡೆಗೆ ಒರಗಿಸಿ ಕೂರಿಸಿ, ದೊಡ್ಡ ಹುಡುಗರು ತಮ್ಮ ಕಾಲಿನಿಂದ ಅವರ ಕಾಲುಗಳನ್ನು ಎರಡೂ ಬದಿಗೆ ತಳ್ಳಿ ಸ್ಪ್ಲಿಟ್ ಮಾಡಿಸುತ್ತಿದ್ದರು. ಬೆಳೆಯುವ ವಯಸ್ಸಿನಲ್ಲಿ ಸ್ನಾಯು ಮೂಳೆಗೆ ಅಂಟಿಕೊಂಡಿರುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೀಗೆ ದೂಡಿದರೆ ಮೂಳೆಯ ಚೂರೇ ಕಿತ್ತು ಬರಬಹುದು. ಮಗು ತಾನಾಗಿ ಎಷ್ಟು ಅಗಲಿಸುತ್ತದೋ ಅಷ್ಟು ಸಾಕು. ಅತ್ತರೂ ಒತ್ತುವುದು ತರಬೇತಿಯಲ್ಲ, ಹಿಂಸೆ.

ದುಡ್ಡಿನ ವಿಚಾರ: ಕ್ಲಾಸ್ ಮುಗಿದ ಕೂಡಲೇ ಇಡೀ ವರ್ಷದ ಫೀಸು, ಡ್ರೆಸ್ಸು ಎಂದರೆ ಒಪ್ಪಬೇಡಿ. ಮೊದಲ ತಿಂಗಳಿಗೆ ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್ ಸಾಕು. ‘ಎರಡು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ’ ಎನ್ನುವವರು ಬೆಲ್ಟ್ ಮಾರುವವರು. ಪೋಷಕರು ಒಳಗೆ ಕೂರಬಾರದು ಎಂದರೆ ಅಲ್ಲಿಗೆ ಸೇರಿಸಬೇಡಿ.

ಒಳ್ಳೆಯ ಮೊದಲ ಕ್ಲಾಸ್ ನೋಡುವವರಿಗೆ ಬೇಜಾರು ತರಿಸುವಂತಿರುತ್ತದೆ. ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿಸಿ, ನಿಲ್ಲುವುದು, ಮುಷ್ಟಿ ಕಟ್ಟುವುದು, ಗಾಳಿಗೆ ನಾಲ್ಕು ಪಂಚ್, ಏಟು ತಡೆಯುವ ಒಂದೆರಡು ಬ್ಲಾಕ್. ಹೆಬ್ಬೆರಳು ಮುಷ್ಟಿಯ ಒಳಗೆ ಸೇರದಂತೆ ಒಬ್ಬೊಬ್ಬರ ಕೈಯನ್ನೂ ತಿದ್ದುತ್ತಾರೆ. ಉಗುರು ನೋಡುತ್ತಾರೆ, ಓಲೆ, ಬಳೆ, ಕಾಲ್ಗೆಜ್ಜೆ ಬಿಚ್ಚಿಸುತ್ತಾರೆ.

ಇನ್ನು, ಆ ಹುಡುಗ ಬಿದ್ದಾಗ ‘ಉಳುಕಿದೆ ಅಷ್ಟೇ’ ಎಂದು ಕೈ ಎಳೆದು, ಮುಲಾಮು ಹಚ್ಚಿ ನೀವಿದರು. ಮುರಿದ ಮೂಳೆ ಇದರಿಂದ ಇನ್ನಷ್ಟು ಸರಿಯಬಹುದು. ಕೈ ಇದ್ದ ಹಾಗೇ ಇರಲಿ. ಮಡಿಸಿದ ದಪ್ಪ ಪತ್ರಿಕೆಯನ್ನು ಆಸರೆಯಾಗಿ ಇಟ್ಟು ಸಡಿಲವಾಗಿ ಕಟ್ಟಿ, ಟವೆಲಿನಿಂದ ಕುತ್ತಿಗೆಗೆ ತೂಗುಹಾಕಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ. ನಾಟಿ ಕಟ್ಟು ಬೇಡ. ಮಕ್ಕಳ ಮೂಳೆ ಬೆಳೆಯುವ ತುದಿಗೆ ಆದ ಪೆಟ್ಟು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಒತ್ತಿದ ಜಾಗದಲ್ಲಿ ನೋವು ಹಾಗೇ ಇದ್ದರೆ ಏಳರಿಂದ ಹತ್ತು ದಿನದೊಳಗೆ ಮತ್ತೆ ತೋರಿಸಿ.