ತುಕ್ಕಿನ ಪುಡಿ ಅಂತ ಮಾರುತ್ತಿರುವುದು ರಂಗೋಲಿ ಬಣ್ಣ: ಟೆರೇನ್ ಮಾಡುವವರು ದಯವಿಟ್ಟು ಓದಿ

ಮಿನಿಯೇಚರ್ ಯುದ್ಧದ ಆಟಕ್ಕೆ, ಅಂದರೆ ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆ ಇಟ್ಟು ಆಡುವ ಆಟಕ್ಕೆ, ಟೆರೇನ್ (ಕಟ್ಟಡ, ನೆಲ, ಬಯಲಿನ ಮಾದರಿ) ಮಾಡುವವರಿಗೆಂದು ‘ತುಕ್ಕು ಕಿಟ್’ ಒಂದನ್ನು ಫೋನಿನಲ್ಲೇ ಆರ್ಡರ್ ತಗೊಂಡು ಕಳಿಸುತ್ತಿದ್ದಾರೆ. ಮೂರು ಡಬ್ಬಿ ಪುಡಿ, ಜೊತೆಗೆ ಪುಡಿ ಉದುರದಂತೆ ಕೂರಿಸಲು ‘ಫಿಕ್ಸರ್’ ಅಂತ ಒಂದು ಬಾಟಲಿ. ಡಬ್ಬಿಯ ಮೇಲೆ ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ, ತೂಕವಿಲ್ಲ. ದಾವಣಗೆರೆಯಲ್ಲಿ ನಾನೂ ನಮ್ಮ ಬಳಗದ ಇನ್ನು ಕೆಲವರೂ ಇದನ್ನು ಕೊಂಡು ಕೆಲಸ ಹಾಳು ಮಾಡಿಸಿಕೊಂಡಿದ್ದೇವೆ. ಬೇರೆಯವರಿಗೆ ಹೀಗಾಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಾನು ಮಾಡುತ್ತಿದ್ದದ್ದು ಮುಚ್ಚಿಹೋದ ಹತ್ತಿ ಗಿರಣಿ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನವರಿಗೆ ಪಾಳುಬಿದ್ದ ಗಿರಣಿಗಿಂತ ಒಳ್ಳೆಯ ರಣರಂಗ ಬೇಕೆ? 28 ಮಿ.ಮೀ. ಬೊಂಬೆಗಳಿಗೆ ಸರಿಹೊಂದುವ ಅಳತೆ. ಗೋಡೆಗೆ ಥರ್ಮೋಕೋಲ್, ಅದರ ಮೇಲೆ ತೆಳ್ಳಗೆ ಪುಟ್ಟಿ. ಚಾವಣಿಗೆ ರಟ್ಟಿನ ಡಬ್ಬದ ಮೇಲ್ಪದರ ಕಿತ್ತರೆ ಒಳಗೆ ಸಿಗುವ ಅಲೆಅಲೆಯಾದ ಕಾಗದ. ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಒಂದರ ಮೇಲೊಂದು ಅಂಚು ಸೇರಿಸಿ ಕೂರಿಸಿದರೆ ಥೇಟ್ ತಗಡಿನ ಶೀಟು.

ತುಕ್ಕು ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ನಿಜವಾದ ಶೀಟು ನೋಡಿಯೇ ಕಲಿಯಬೇಕು. ಚಾವಣಿಯ ತಗಡಿಗೆ ಸತುವಿನ ಲೇಪ ಇರುತ್ತದೆ. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ, ಹಾಗಾಗಿ ಒಂದು ಗೀರು ಬಿದ್ದ ಮಾತ್ರಕ್ಕೆ ಅಲ್ಲಿ ತುಕ್ಕು ಬರುವುದಿಲ್ಲ. ಬೋಲ್ಟ್ ಹಾಕಿದ ತೂತಿನ ಸುತ್ತ, ಕತ್ತರಿಸಿದ ಅಂಚಿನಲ್ಲಿ, ಎರಡು ಶೀಟು ಒಂದರ ಮೇಲೊಂದು ಬಂದು ನೀರು ನಿಲ್ಲುವ ಕಡೆ, ಅಂದರೆ ಸತು ತೀರಿಹೋದ ಕಡೆ ಶುರುವಾಗುತ್ತದೆ. ಹೊಸ ತುಕ್ಕು ಕಿತ್ತಳೆ, ಹಳೆಯದು ಕಡುಕಂದು, ತೀರಾ ಹಳೆಯದು ಹೆಚ್ಚುಕಡಿಮೆ ಕಪ್ಪು. ಬೋಲ್ಟಿನಿಂದ ಮಳೆನೀರು ಇಳಿದ ದಾರಿಯಲ್ಲಿ ಕೆಳಕ್ಕೆ ಸಣ್ಣ ಗೆರೆ. ಇದನ್ನೆಲ್ಲ ಸ್ಪಂಜಿನ ಚೂರಿನಲ್ಲಿ ಕಂದು ಒತ್ತಿ, ತೆಳು ಬಣ್ಣದಲ್ಲಿ ಗೆರೆ ಎಳೆದು ಮುಗಿಸಿದ್ದೆ. ಕೊನೆಯಲ್ಲಿ ಆ ಒಣ, ಹುಡಿಹುಡಿಯಾದ ಮೈ ಬರಬೇಕು, ಅದಕ್ಕೆ ಬಣ್ಣ ಸಾಲದು, ಪುಡಿಯೇ ಬೇಕು. ಕಿಟ್ ತರಿಸಿದ್ದು ಅದಕ್ಕೆ.

ಒಣ ಬ್ರಷ್ಷಿನಲ್ಲಿ ಉದುರಿಸಿದಾಗ ಚೆನ್ನಾಗಿಯೇ ಕಂಡಿತು. ಕಿಟ್ಟಿನ ಚೀಟಿಯಲ್ಲಿ ಬರೆದಂತೆ ಮೇಲೆ ಫಿಕ್ಸರ್ ಹನಿಸಿದೆ. ಬಾಟಲಿಯ ಮೇಲೆ ‘ವಾಟರ್ ಬೇಸ್ಡ್’ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದರು, ನಿಂಬೆಯ ಪರಿಮಳ ಬೇರೆ ಬೆರೆಸಿದ್ದರು. ಹನಿ ಬಿದ್ದ ಕಡೆ ಕಿತ್ತಳೆ ಬಣ್ಣ ಕರಗಿ ಗುಲಾಬಿ ಅಂಚು ಕಟ್ಟಿಕೊಂಡು ಹರಡಿತು. ಶೀಟಿನ ತಗ್ಗುಗಳಲ್ಲಿ ಕೆಳಗಿಳಿದು ಬೂದು ಗೋಡೆಯ ಮೇಲೆ ಗುಲಾಬಿ ದಾರಗಳಂತೆ ನಿಂತಿತು. ಪುಟ್ಟಿ ಸೀಳಿದ್ದ ಕಡೆ ಫಿಕ್ಸರ್ ಒಳಗೆ ಹೋಗಿ ಥರ್ಮೋಕೋಲ್ ಸುಕ್ಕುಗಟ್ಟಿ ಕುಳಿಬಿತ್ತು. ಆಗ ಮೂಗಿಗೆ ಹೊಡೆದದ್ದು ನಿಂಬೆಯಲ್ಲ, ಥಿನ್ನರ್. ನೀರಿನ ಫಿಕ್ಸರ್ ಥರ್ಮೋಕೋಲನ್ನು ತಿನ್ನುವುದಿಲ್ಲ, ಥಿನ್ನರ್ ತಿನ್ನುತ್ತದೆ. ಆ ಗುಲಾಬಿ ಕಲೆಯ ಮೇಲೆ ಅಕ್ರಿಲಿಕ್ ಬಣ್ಣ ಎಷ್ಟು ಹಚ್ಚಿದರೂ ಮತ್ತೆ ಮೇಲೆ ಎದ್ದು ಬರುತ್ತಿತ್ತು. ಚಾವಣಿ ಪೂರ್ತಿ ಕಿತ್ತು ಹಾಕಬೇಕಾಯಿತು.

ಬಳಗದ ಇನ್ನೊಬ್ಬ ಹುಡುಗ ಫಿಕ್ಸರ್ ಮುಟ್ಟಿಯೇ ಇರಲಿಲ್ಲ. ಪುಡಿ ಉದುರಿಸಿ ಹಳೇ ಟ್ಯಾಂಕರ್ ಮಾಡಿ, ವಿದ್ಯಾನಗರದ ಮನೆಯಲ್ಲಿ ಕಿಟಕಿ ಪಕ್ಕ ಇಟ್ಟಿದ್ದ. ಬೇಸಿಗೆ ಮುಗಿಯುವಷ್ಟರಲ್ಲಿ ಬಿಸಿಲು ಬಿದ್ದ ಮಗ್ಗುಲು ಬಿಳಿಚಿಹೋಗಿ ಇನ್ನೊಂದು ಮಗ್ಗುಲು ಹಾಗೇ ಉಳಿದಿತ್ತು. ನಿಜವಾದ ಕಬ್ಬಿಣದ ಆಕ್ಸೈಡ್ (ತುಕ್ಕೂ ಅದೇ) ಬಿಸಿಲಿಗೆ ಹೀಗೆ ಮಾಸುವುದೇ ಇಲ್ಲ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲವನ್ನು ನೆನಪಿಸಿಕೊಳ್ಳಿ.

ಮಾರಿದವರಿಗೆ ಫೋಟೊ ಕಳಿಸಿದೆ. “ಅಣ್ಣಾ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ನಿಮ್ಮೂರ ಬಿಸಿಲು ಜಾಸ್ತಿ” ಅಂತ ಉತ್ತರ ಬಂತು. ದುಡ್ಡು ವಾಪಸ್ ಕೇಳಿದ ಮೇಲೆ ನಂಬರ್ ಬ್ಲಾಕ್.

ಮಂಡಿಪೇಟೆಯಲ್ಲಿ ಬಣ್ಣದಂಗಡಿ ಇಟ್ಟಿರುವ ಹಿರಿಯರೊಬ್ಬರಿಗೆ ಆ ಡಬ್ಬಿ ತೋರಿಸಿದೆ. ಚಿಟಿಕೆ ತಗೊಂಡು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರು. “ತರಿತರಿ ಐತೆ ನೋಡಪ್ಪಾ, ಇದು ರಂಗೋಲಿ ಬಣ್ಣ. ಆಕ್ಸೈಡ್ ಆದ್ರೆ ಬೆರಳಿನ ಗೆರೆಯೊಳಗೆ ಕೂತ್ಕಂಡು ಸೋಪು ಹಾಕಿದ್ರೂ ಬೇಗ ಹೋಗಲ್ಲ” ಅಂದರು. ತಮ್ಮಲ್ಲಿದ್ದ ರೆಡ್ ಆಕ್ಸೈಡ್ ಚಿಟಿಕೆ ಕೊಟ್ಟು ನನ್ನಿಂದಲೂ ತಿಕ್ಕಿಸಿದರು. ನುಣ್ಣಗೆ, ಎಣ್ಣೆ ಸವರಿದ ಹಾಗೆ ಜಾರಿತು.

ಮನೆಗೆ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒದ್ದೆ ಟಿಶ್ಯೂ ಮೇಲೆ ಚಿಟಿಕೆ ಹಾಕಿದರೆ ಕಿಟ್ಟಿನ ಪುಡಿಯ ಸುತ್ತ ಬಣ್ಣದ ಉಂಗುರ ಹರಡುತ್ತದೆ, ಆಕ್ಸೈಡ್ ಬಿದ್ದಲ್ಲೇ ಇರುತ್ತದೆ. ಲೋಟದ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಆಕ್ಸೈಡ್ ತಳ ಸೇರುತ್ತದೆ, ಡೈ (ಕರಗುವ ಬಣ್ಣ) ಬೆರೆಸಿದ ಕಿಟ್ಟಿನ ಪುಡಿಯ ನೀರು ಬೆಳಗ್ಗೆಯೂ ಬಣ್ಣದ್ದೇ. ನಿಂಬೆರಸ ಹಿಂಡಿದಾಗ ಕಿಟ್ಟಿನ ಪುಡಿ ಬುರುಬುರು ನೊರೆ ಬಿಟ್ಟಿತು, ಒಳಗಿರುವುದು ಸುಣ್ಣದಕಲ್ಲಿನ ಪುಡಿ ಅಂತಾಯಿತು. ಅಗ್ಗದ ಆಕ್ಸೈಡಿಗೂ ಕೆಲವೊಮ್ಮೆ ಸುಣ್ಣದಕಲ್ಲು ಬೆರೆಸುತ್ತಾರೆ, ಆದ್ದರಿಂದ ನೊರೆ ಒಂದನ್ನೇ ನಂಬಬೇಡಿ. ಟಿಶ್ಯೂವಿನ ಉಂಗುರವೇ ಖಾತ್ರಿ ಗುರುತು.

ನಿಜವಾದ ಪುಡಿಗೆ ಇಷ್ಟು ಒದ್ದಾಡುವ ಅಗತ್ಯವೇ ಇಲ್ಲ. ನೆಲಕ್ಕೆ, ಸಿಮೆಂಟಿಗೆ ಬೆರೆಸುವ ರೆಡ್, ಯೆಲ್ಲೊ, ಬ್ಲ್ಯಾಕ್ ಆಕ್ಸೈಡ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಬ್ಲ್ಯಾಕ್ ಆಕ್ಸೈಡನ್ನು ಪರೀಕ್ಷಿಸುವುದು ಇನ್ನೂ ಸುಲಭ: ಕಾಗದದ ಕೆಳಗೆ ಅಯಸ್ಕಾಂತ ಆಡಿಸಿದರೆ ಪುಡಿಯೂ ಜೊತೆಗೆ ಸರಿದಾಡಬೇಕು. ಯೆಲ್ಲೊ ಆಕ್ಸೈಡನ್ನು ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ, ಮನೆಯ ಹೊರಗೆ, ಚೆನ್ನಾಗಿ ಕಾಯಿಸಿದರೆ ಒಳಗಿನ ನೀರಿನಂಶ ಹೋಗಿ ಕೆಂಪಗಾಗುತ್ತದೆ. ನಡುನಡುವೆ ಇಳಿಸಿಕೊಂಡರೆ ಹೊಸ ತುಕ್ಕಿನಿಂದ ಹಳೇ ತುಕ್ಕಿನವರೆಗೆ ಎಲ್ಲ ಛಾಯೆಯೂ ಕೈಗೆ ಬರುತ್ತದೆ. ಆದರೆ ಆಕ್ಸೈಡ್ ಅಂತ ಖಾತ್ರಿ ಇಲ್ಲದ ಹಳದಿ, ಕಿತ್ತಳೆ ಪುಡಿಯನ್ನು ಯಾವ ಕಾರಣಕ್ಕೂ ಕಾಯಿಸಬೇಡಿ, ಅಂಥ ಹಳೇ ಬಣ್ಣಗಳಲ್ಲಿ ಸೀಸ ಇರುವುದುಂಟು. ಚಿತ್ರದುರ್ಗದ ಕಡೆಯವರು ಭೀಮಸಮುದ್ರದ ಸುತ್ತ ಅದಿರಿನ ಸೀಮೆಯ ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿಕೊಂಡರೂ ಸಾಕು, ಅದರ ಕೆಂಪು ಕಬ್ಬಿಣದ್ದೇ. ಯಾವ ಪುಡಿಯಾದರೂ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ, ಫ್ಯಾನ್ ಆರಿಸಿ. ಅಂದಹಾಗೆ, ಡಬ್ಬದಲ್ಲಿ ಬರುವ ‘ರೆಡ್ ಆಕ್ಸೈಡ್ ಪ್ರೈಮರ್’ ಬೇರೆ. ಅದು ಕಬ್ಬಿಣದ ಗೇಟಿಗೆ ಹಚ್ಚುವ ಎಣ್ಣೆಬಣ್ಣ, ಟೆರೇನಿಗೆ ಬೇಡ.

ಪುಡಿ ಕೂರಿಸುವುದಕ್ಕೆ ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲ್ ಬ್ರಷ್ಷಿನ ತುದಿಯಿಂದ ಮುಟ್ಟಿಸಿ, ಥರ್ಮೋಕೋಲಿಗೆ ಏನೂ ಆಗುವುದಿಲ್ಲ. ಆದರೆ ಹಿಡಿತ ಕಡಿಮೆ. ಆಟದಲ್ಲಿ ಕೈ ತಾಗುವ ಜಾಗಕ್ಕೆ ನೀರಿನ ಮ್ಯಾಟ್ ವಾರ್ನಿಷ್ ಬೇಕೇ ಬೇಕು. ಅದು ಒಣಗಿದ ಮೇಲೆ ಪುಡಿ ಸ್ವಲ್ಪ ಕಪ್ಪಾಗುತ್ತದೆ, ಹಾಗಾಗಿ ಮೊದಲೇ ಒಂದು ಛಾಯೆ ತಿಳಿಯಾಗಿ ಹಾಕಿರಿ. ಕ್ಯಾನಿನಲ್ಲಿ ಬರುವ ಸ್ಪ್ರೇ ವಾರ್ನಿಷ್ ಬರಿಯ ಥರ್ಮೋಕೋಲ್ ಹತ್ತಿರ ತರಬೇಡಿ.

ಈಗಾಗಲೇ ಕಿಟ್ ಕೊಂಡಿದ್ದರೆ ಎಸೆಯಬೇಡಿ. ಡಬ್ಬಿ, ಚೀಟಿ, ಪಾವತಿಯ ಸ್ಕ್ರೀನ್‌ಶಾಟ್, ಮಾತುಕತೆಯ ಮೆಸೇಜು ಎಲ್ಲ ಇಟ್ಟುಕೊಳ್ಳಿ. ಪ್ಯಾಕ್ ಮಾಡಿ ಮಾರುವ ಸರಕಿನ ಮೇಲೆ ತಯಾರಕರ ಹೆಸರು, ವಿಳಾಸ, ತೂಕ, ಬೆಲೆ ಇರಲೇಬೇಕು ಅಂತ ಕಾನೂನಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೇನೆ. ನೀವೂ ಕೊಡಿ.